ಅರವತ್ತಾಯ್ತು, ಇನ್ನು ಬೀಡಿ ಬಿಟ್ಟು ಏನಾಗಬೇಕು?

"ಇಷ್ಟು ವರ್ಷ ಸೇದಿದ್ದೀನಿ, ಆಗೋದೆಲ್ಲ ಆಗಿಹೋಗಿದೆ. ಈಗ ಬಿಟ್ಟು ಏನು ಬಂತು ಡಾಕ್ಟ್ರೇ?" ಈ ಮಾತು ಕೇಳದ ವಾರವಿಲ್ಲ. ಸೇದುವುದು ಕೆಟ್ಟದ್ದು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ, ಪ್ಯಾಕಿನ ಮೇಲೇ ಚಿತ್ರ ಇದೆ. ನನಗೆ ತಲೆ ಕೆಡುವುದು ಈ ಲೆಕ್ಕಾಚಾರ ಕೇಳಿದಾಗ.

ಮೊನ್ನೆ ಪಿರಿಯಾಪಟ್ಟಣದ ಕಡೆಯ ರೈತರೊಬ್ಬರು ಬಂದಿದ್ದರು. ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗೆ ರಾತ್ರಿಯಿಡೀ ಸೌದೆ ಹಾಕುತ್ತಾ ಬೀಡಿ ಕಲಿತವರು. "ವಯಸ್ಸಾಯ್ತಲ್ಲ, ಅದಕ್ಕೇ ದಮ್ಮು" ಅಂದರು. ಊದುವ ಟೆಸ್ಟ್ ಮಾಡಿಸಿದೆ. ಟೆಸ್ಟ್ ಮಾಡುವ ನಮ್ಮ ಹುಡುಗಿ "ಊದಿ, ಊದಿ, ಇನ್ನೂ ಊದಿ" ಅಂತ ಕೂಗಿದ್ದೇ ಕೂಗಿದ್ದು. ಮೊದಲ ಸೆಕೆಂಡಿನಲ್ಲಿ ಬಂದ ಗಾಳಿ ಒಂದೂವರೆ ಲೀಟರ್. ಅವರ ವಯಸ್ಸಿಗೆ, ಎತ್ತರಕ್ಕೆ ಎರಡೂವರೆ ಲೀಟರ್ ಹತ್ತಿರ ಬರಬೇಕಿತ್ತು. ಪಕ್ಕದಲ್ಲಿದ್ದ ಹೆಂಡತಿ, "ಎಕ್ಸ್‌ರೇ ನಾರ್ಮಲ್ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ರಲ್ಲ" ಅಂದರು. ಹೊಗೆಯಿಂದ ಶ್ವಾಸಕೋಶ ಹೀಗೆ ಹಾಳಾಗಿರುವುದು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ, ತಾಯಿ.

ಈಗ ಲೆಕ್ಕಕ್ಕೆ ಬರೋಣ. ಶ್ವಾಸಕೋಶದ ಶಕ್ತಿ, ಅಂದರೆ ಮೊದಲ ಸೆಕೆಂಡಿನಲ್ಲಿ ಊದುವ ಈ ಗಾಳಿ, ಇಪ್ಪತ್ತೈದು ವಯಸ್ಸಿನ ಆಸುಪಾಸಿನಲ್ಲಿ ತುತ್ತತುದಿಯಲ್ಲಿರುತ್ತದೆ. ಆಮೇಲೆ ಬೀಡಿ ಮುಟ್ಟದವರಿಗೂ ವರ್ಷಕ್ಕೆ 25-30 ಮಿ.ಲೀ. ಕಮ್ಮಿಯಾಗುತ್ತಾ ಹೋಗುತ್ತದೆ. ಅದು ವಯಸ್ಸಿನ ಪಾಲು. ಅಷ್ಟಕ್ಕೇ ಯಾರೂ ಮೆಟ್ಟಿಲಲ್ಲಿ ಏದುಸಿರು ಬಿಡುವುದಿಲ್ಲ. ಅಮೆರಿಕ, ಕೆನಡಾಗಳಲ್ಲಿ ಶ್ವಾಸಕೋಶ ಆಗಲೇ ಸ್ವಲ್ಪ ಹಾಳಾಗಿದ್ದ ಸುಮಾರು 5,900 ಧೂಮಪಾನಿಗಳನ್ನು ಹನ್ನೊಂದು ವರ್ಷ ಗಮನಿಸಿದರು. ಸೇದುತ್ತಲೇ ಇದ್ದ ಗಂಡಸರು ವರ್ಷಕ್ಕೆ ಸರಾಸರಿ 66 ಮಿ.ಲೀ. ಕಳೆದುಕೊಂಡರು. ಬಿಟ್ಟವರು ಕಳೆದುಕೊಂಡದ್ದು 30.

ನಮ್ಮ ರೈತರಿಗೆ ಇದನ್ನು ಚೀಟಿಯ ಹಿಂದೆ ಬರೆದು ತೋರಿಸಿದೆ. ಈಗ 1,500 ಮಿ.ಲೀ. ಸೇದುತ್ತಾ ಹೋದರೆ ಹತ್ತು ವರ್ಷಕ್ಕೆ 840. ಬಿಟ್ಟರೆ 1,200. ಒಂದು ಲೀಟರಿಗಿಂತ ಕೆಳಗಿಳಿದರೆ ಎಷ್ಟೋ ಜನರಿಗೆ ಸ್ನಾನ ಮಾಡಿ ಮೈ ಒರೆಸಿಕೊಳ್ಳುವುದೂ ಕಷ್ಟ. 1,200 ಇದ್ದರೆ ನಿಧಾನಕ್ಕಾದರೂ ತೋಟಕ್ಕೆ ಹೋಗಿ ಬರಬಹುದು. ಒಡೆದುಹೋದ ಗಾಳಿಚೀಲ ವಾಪಸ್ ಬರುವುದಿಲ್ಲ ನಿಜ. ನಾನು ಕೇಳುತ್ತಿರುವುದು ಹೋದದ್ದನ್ನಲ್ಲ, ಉಳಿದಿರುವುದನ್ನು. ಉಳಿದಿರುವುದು ಕಮ್ಮಿ ಇದ್ದಷ್ಟೂ ಒಂದೊಂದು ಮಿಲಿಲೀಟರಿಗೂ ಬೆಲೆ ಜಾಸ್ತಿ ಅಲ್ವಾ? ಅಂದಮೇಲೆ ಅರವತ್ತರಲ್ಲಿ ಬಿಡುವುದಕ್ಕೆ ಕಾರಣ ಹೆಚ್ಚಾಯಿತೋ, ಕಮ್ಮಿಯಾಯಿತೋ?

ಬ್ರಿಟನ್ನಿನಲ್ಲಿ ವೈದ್ಯರನ್ನೇ 50 ವರ್ಷ ಗಮನಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅದರಲ್ಲಿ ಅರವತ್ತಕ್ಕೆ ಬಿಟ್ಟವರಿಗೂ ಸುಮಾರು ಮೂರು ವರ್ಷ ಆಯಸ್ಸು ಜಾಸ್ತಿ ಸಿಕ್ಕಿತು. ಇವೆಲ್ಲ ಸರಾಸರಿ ಲೆಕ್ಕ. ನಿಮ್ಮ ದೇಹ ಹೀಗೇ ನಡೆದುಕೊಳ್ಳುತ್ತದೆ ಅಂತ ನಾನು ಬರೆದುಕೊಡಲಾರೆ. ದಮ್ಮಿಗೆ ಹೃದಯ, ರಕ್ತಹೀನತೆ, ಇನ್ನೂ ಏನೇನೋ ಕಾರಣ ಇರಬಹುದು. ಸುಮ್ನೆ ಊಹಿಸಿಕೊಂಡು ಕೂರಬೇಡಿ, ತೋರಿಸಿಕೊಳ್ಳಿ.

ಬಿಟ್ಟ ಮೊದಲ ವಾರಗಳಲ್ಲಿ ಕೆಲವರಿಗೆ ಕೆಮ್ಮು ಹೆಚ್ಚಾಗುತ್ತದೆ. ಶ್ವಾಸನಾಳದ ಒಳಗೋಡೆಯಲ್ಲಿ ಕಫವನ್ನು ಮೇಲಕ್ಕೆ ತಳ್ಳುವ ಸಣ್ಣ ಸಣ್ಣ ರೋಮಗಳಿವೆ. ಹೊಗೆಗೆ ಮಂಕಾಗಿದ್ದ ಅವು ಮತ್ತೆ ಕೆಲಸಕ್ಕಿಳಿಯುತ್ತವೆ. "ಸೇದುವಾಗಲೇ ಚೆನ್ನಾಗಿತ್ತು" ಅಂತ ಎಷ್ಟೋ ಜನ ಇಲ್ಲೇ ಜಾರುತ್ತಾರೆ. ಕೆಮ್ಮಿನಲ್ಲಿ ರಕ್ತ ಕಂಡರೆ, ತೂಕ ಇಳಿದರೆ ಮಾತ್ರ ಕಾಯಬೇಡಿ, ಬನ್ನಿ.

ಬೀಡಿಯ ಚಪಲ ತಡೆಯಲು ನಿಕೋಟಿನ್ ಗಮ್ ಕೊಟ್ಟರೆ ಬಬಲ್ ಗಮ್ಮಿನ ಹಾಗೆ ಅಗಿದು ನುಂಗಿ, ಹೊಟ್ಟೆ ತೊಳಸುತ್ತದೆ ಅಂತ ಬಿಸಾಡುತ್ತಾರೆ. ನಾಲ್ಕಾರು ಸಲ ಅಗಿದು, ಖಾರ ಹತ್ತಿದ ಮೇಲೆ ಕೆನ್ನೆಯೊಳಗೆ ಒತ್ತಿಟ್ಟುಕೊಳ್ಳಬೇಕು. ಖಾರ ಇಳಿದ ಮೇಲೆ ಮತ್ತೆ ಅಗಿಯಬೇಕು. ಡೋಸ್ ವೈದ್ಯರನ್ನು ಕೇಳಿ. ಅವರನ್ನು ಕೇಳಲು ನಾಚಿಕೆಯಾದರೆ ಸರ್ಕಾರದ ಸಹಾಯವಾಣಿ ಇದೆ: 1800 11 2356. ಫೋನ್ ಮಾಡಿದರೆ ಕಾಸು ಬೀಳುವುದಿಲ್ಲ. ನಮ್ಮ ರೈತರು ನಂಬರು ಬರೆಸಿಕೊಂಡು ಹೋದರು, ಬೀಡಿ ಕಟ್ಟನ್ನು ಹೆಂಡತಿ ಇಸಿದುಕೊಂಡರು.