ಮನೆಗೆ ವೆಲ್ಡಿಂಗ್ ಮಷಿನ್: ಮೊದಲು ಪ್ಲಗ್ ಪಾಯಿಂಟ್ ನೋಡಿ

"ಅಣ್ಣಾ, ಮನೇಲೇ ಸಣ್ಣ ಗೇಟು, ಸ್ಟ್ಯಾಂಡು ಮಾಡ್ಕೋಬೇಕು. 200 ಆಂಪ್ ತಗೊಳ್ಲಾ, 250 ತಗೊಳ್ಲಾ?" ನಮ್ಮ ರಿಪೇರಿ ಅಂಗಡಿಗೆ ಬರುವವರು ಹೆಚ್ಚಾಗಿ ಕೇಳುವುದು ಇದನ್ನೇ. ನಾನು ತಿರುಗಿ ಕೇಳುವುದು ಎರಡೇ ಮಾತು. ಯಾವ ರಾಡ್ (ಕರಗಿ ಬೆಸುಗೆಯಾಗುವ ಕಡ್ಡಿ) ಉರಿಸ್ತೀರಿ? ಮನೆಯಲ್ಲಿ ಯಾವ ಪಾಯಿಂಟ್ ಇದೆ?

ಮನೆ ಕೆಲಸಕ್ಕೆ ಬರುವುದು ಬಹುಪಾಲು 16 ಗೇಜ್ ಸ್ಕ್ವೇರ್ ಪೈಪು, ಅಂದರೆ 1.6 ಮಿ.ಮೀ. ದಪ್ಪ. ಜೊತೆಗೆ ಒಂದಿಷ್ಟು ಆಂಗಲ್, ಫ್ಲಾಟ್. ಇದಕ್ಕೆ 2.5 ಮಿ.ಮೀ. ರಾಡ್ ಸಾಕು, ಅಂಗಡಿಯಲ್ಲಿ ಕೇಳುವಾಗ 12 ನಂಬರ್. ಅದು 60ರಿಂದ 90 ಆಂಪ್‌ನಲ್ಲಿ ಚೆನ್ನಾಗಿ ಉರಿಯುತ್ತದೆ. 80 ಆಂಪ್‌ಗೆ ಇಟ್ಟರೆ ಮಷಿನ್ ಗೋಡೆಯಿಂದ ಎಳೆಯುವುದು ಸುಮಾರು 14 ಆಂಪ್. ಗೀಸರ್‌ಗೆ ಹಾಕಿಸಿರುತ್ತೀರಲ್ಲ, ಆ 16 ಆಂಪ್ ಪಾಯಿಂಟ್ ಇದನ್ನು ತಡೆದುಕೊಳ್ಳುತ್ತದೆ. 10 ನಂಬರ್, ಅಂದರೆ 3.15 ರಾಡ್ ಹಾಕಿ 110 ಆಂಪ್‌ಗೆ ಏರಿಸಿದಿರೋ, ಗೋಡೆ ಕಡೆ 20 ದಾಟುತ್ತದೆ. ಆಗ ಎಂಸಿಬಿ, ಅಂದರೆ ಬೋರ್ಡಿನ ಟ್ರಿಪ್ ಸ್ವಿಚ್, ಬೀಳುತ್ತದೆ, ಇಲ್ಲವೇ ಪ್ಲಗ್ಗಿನ ಪಿನ್ ಕಂದಿ ಸುಟ್ಟ ವಾಸನೆ ಬರುತ್ತದೆ. ದಪ್ಪ ರಾಡೇ ಬೇಕು ಅಂದರೆ ಎಲೆಕ್ಟ್ರಿಷಿಯನ್ ಕರೆಸಿ. ಮೀಟರ್ ಬೋರ್ಡಿನಿಂದ 4 ಸ್ಕ್ವೇರ್ ಎಂಎಂ ತಾಮ್ರದ ವೈರು, ಬೇರೆ ಎಂಸಿಬಿ, ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿ. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಅಂತಲೂ ನೋಡಿಕೊಳ್ಳಿ.

ಹೀಗಿರುವಾಗ 250 ಆಂಪ್‌ಗೆ ದುಡ್ಡು ಯಾಕೆ ಸುರಿಯಬೇಕು, ಅಲ್ವಾ?

ಮುಂದುಗಡೆ ದೊಡ್ಡದಾಗಿ ಬರೆದಿರುವ 200 ಎಷ್ಟೋ ಸಲ ಬರೀ ಮಾಡೆಲ್ ಹೆಸರು. ನಿಜ ಇರುವುದು ರೇಟಿಂಗ್ ಪ್ಲೇಟಿನಲ್ಲಿ, ಅಂದರೆ ಮಷಿನ್ ಮೇಲಿನ ಅಂಕಿಗಳ ಪಟ್ಟಿಯಲ್ಲಿ. ಅಲ್ಲಿ '60%' ಎಂಬ ಕಾಲಮಿನಲ್ಲಿ 120 ಅಂತ ಇದ್ದರೆ, ಪ್ರತಿ 10 ನಿಮಿಷದಲ್ಲಿ 6 ನಿಮಿಷ 120 ಆಂಪ್ ಕೊಡುತ್ತದೆ, 4 ನಿಮಿಷ ಬಿಡುವು ಕೇಳುತ್ತದೆ ಎಂದರ್ಥ. ಮನೆಗೆ ಇಷ್ಟು ಧಾರಾಳ. ಪ್ಲೇಟೇ ಇಲ್ಲದ ಮಷಿನ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

6ರಿಂದ 9 ಸಾವಿರ ರೂಪಾಯಿ ಆಸುಪಾಸಿನ ಐಜಿಬಿಟಿ (ಒಂದು ಬಗೆಯ ಎಲೆಕ್ಟ್ರಾನಿಕ್ ಸ್ವಿಚ್) ಇನ್ವರ್ಟರ್ ಆರ್ಕ್ ಮಷಿನ್, ಅಂದರೆ ರಾಡ್ ಉರಿಸುವ ಮಷಿನ್, ಸಾಕೆಂಬುದು ನನ್ನ ಅಭಿಪ್ರಾಯ. ಹಳೇ ಟ್ರಾನ್ಸ್‌ಫಾರ್ಮರ್ ಮಷಿನ್ ಗಟ್ಟಿ, ಒಪ್ಪುತ್ತೇನೆ. ಆದರೆ ಎತ್ತಲು ಇಬ್ಬರು ಬೇಕು, ಎಷ್ಟೋ ಮಷಿನ್‌ಗಳಿಗೆ ಎರಡು ಫೇಸ್ ಕೂಡ ಬೇಕು. ಟಿಗ್, ಮಿಗ್ ಬೇರೆ ಬಗೆಯ ವೆಲ್ಡಿಂಗ್. ಟಿಗ್‌ಗೆ ಆರ್ಗಾನ್ ಸಿಲಿಂಡರ್, ಮಿಗ್‌ಗೆ ಗ್ಯಾಸ್ ಇಲ್ಲವೇ ದುಬಾರಿ ಫ್ಲಕ್ಸ್ ವೈರು. ಕೈ ಕುದುರುವವರೆಗೆ ಅವೆರಡರ ಸಹವಾಸ ಬೇಡ.

ಹಳ್ಳಿ ಕಡೆಯವರು ಇನ್ನೊಂದು ಗಮನಿಸಿ. ಸಂಜೆ ವೋಲ್ಟೇಜ್ 180ಕ್ಕೆ ಇಳಿದರೆ ಸಾಧಾರಣ ಮಷಿನ್‌ನಲ್ಲಿ ರಾಡ್ ಅಂಟಿಕೊಳ್ಳುತ್ತದೆ. 160 ವೋಲ್ಟ್‌ನಲ್ಲೂ ನಡೆಯುವಂಥದ್ದನ್ನು ಕೇಳಿ ಪಡೆಯಿರಿ. ತೆಳು ವೈರಿನ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿದರೆ ಇರುವ ವೋಲ್ಟೇಜೂ ದಾರಿಯಲ್ಲೇ ಹೋಗುತ್ತದೆ.

ಕೊಳ್ಳುವ ಮುಂಚೆ ಅಂಗಡಿಯಲ್ಲೇ ಮೂರ್ನಾಲ್ಕು ರಾಡ್ ಒಂದರ ಹಿಂದೊಂದು ಪೂರ್ತಿ ಉರಿಸಿ. ಬಿಸಿ ಹೆಚ್ಚಾಯಿತೆಂದು ಹಳದಿ ಲೈಟ್ ಹತ್ತಿ ಮಷಿನ್ ನಿಂತುಬಿಟ್ಟರೆ ವಾಪಸ್ ಇಟ್ಟುಬಿಡಿ. ಜೊತೆಗೆ ಕೊಡುವ ಕೇಬಲ್ಲಿನ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಅದಕ್ಕೇ ಮಷಿನ್ ಬೇಡ ಅನ್ನಬೇಕಿಲ್ಲ, ತಾಮ್ರದ ಕೇಬಲ್ ಬೇರೆ ಕೊಂಡರಾಯಿತು. ಉಳಿದ ದುಡ್ಡಲ್ಲಿ ಒಳ್ಳೆ ವೆಲ್ಡಿಂಗ್ ಹೆಲ್ಮೆಟ್, ಚರ್ಮದ ಕೈಗವಸು. ಕೂಲಿಂಗ್ ಗ್ಲಾಸ್ ಹಾಕಿಕೊಂಡು ವೆಲ್ಡಿಂಗ್ ಮಾಡುವ ಧೈರ್ಯವಂತರಿಗೆ ನಾನು ಮಷಿನ್ ಆರಿಸಿಕೊಡುವುದಿಲ್ಲ.

ನಮ್ಮಲ್ಲಿಗೆ ಬರುವ ಸತ್ತ ಮಷಿನ್‌ಗಳನ್ನು ಬಿಚ್ಚಿದರೆ ಒಳಗೆ ಕಾಣುವುದು ಕಪ್ಪು ಪುಡಿ. ಗ್ರೈಂಡಿಂಗ್ ಮಾಡಿದಾಗ ಹಾರಿದ ಕಬ್ಬಿಣದ ಪುಡಿಯನ್ನು ಮಷಿನ್ನಿನ ಫ್ಯಾನೇ ಒಳಗೆಳೆದು ಬೋರ್ಡಿನ ಮೇಲೆ ಕೂರಿಸಿರುತ್ತದೆ. ಒಂದಿಷ್ಟು ತೇವ ಸೇರಿದರೆ ಅಲ್ಲೇ ಶಾರ್ಟ್. ಗ್ರೈಂಡರ್ ಕೈಗೆತ್ತಿಕೊಳ್ಳುವಾಗ ವೆಲ್ಡಿಂಗ್ ಮಷಿನ್ ಆಫ್ ಮಾಡಿ, ಕಿಡಿ ಹಾರುವ ದಿಕ್ಕಿನಿಂದ ದೂರ ಇಡಿ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಬ್ಲೋವರ್‌ನಿಂದ ಹೊರಗಿನಿಂದಲೇ ಗಾಳಿ ಹೊಡೆಯಿರಿ. ಕವರ್ ಬಿಚ್ಚಲು ಹೋಗಬೇಡಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಇರುತ್ತದೆ.