ಅತ್ತೆ ಊಟ ಬಿಟ್ಟಿದ್ದಾರೆ, ಬಲವಂತ ಮಾಡಬೇಕಾ?

ಪ್ರಶ್ನೆ: ಅತ್ತೆಗೆ ಕ್ಯಾನ್ಸರ್, ಕೊನೆಯ ಹಂತ. ಹೊಸನಗರದ ಹತ್ತಿರ ನಮ್ಮ ಮನೆಯಲ್ಲೇ ನೋಡಿಕೊಳ್ಳುತ್ತಿದ್ದೇನೆ. ಈಗ ಗಂಜಿಯೂ ಬೇಡ ಅಂತಾರೆ. ಬೆಂಗಳೂರಿನ ನೆಂಟರು ಫೋನ್ ಮಾಡಿ, ‘ಉಪವಾಸ ಕೆಡವಿದ್ದೀಯಾ? ಗ್ಲೂಕೋಸ್ ಆದ್ರೂ ಹಾಕಿಸು’ ಅಂತಾರೆ. ಏನು ಮಾಡಲಿ?

ಉತ್ತರ: ಬಲವಂತ ಬೇಡ. ಊಟ ಬಿಟ್ಟಿದ್ದರಿಂದ ಅವರಿಗೆ ಹೀಗಾಗಿಲ್ಲ. ಕಾಯಿಲೆ ಕೊನೆಗೆ ಬಂದಾಗ ದೇಹಕ್ಕೇ ಅನ್ನ ಬೇಡವಾಗುತ್ತದೆ, ಹಸಿವೂ ಹೋಗುತ್ತದೆ. ಆದರೆ ಒಮ್ಮೆ ಡಾಕ್ಟರನ್ನು ಕೇಳಿ. ಬಾಯಿಹುಣ್ಣು, ನಾಲಿಗೆ ಮೇಲಿನ ಬಿಳಿ ಪದರ, ವಾಕರಿಕೆ, ಮಲಬದ್ಧತೆ ಇದ್ದರೂ ಊಟ ಸೇರುವುದಿಲ್ಲ. ಅವುಗಳಿಗೆ ಔಷಧಿ ಇದೆ.

ಗ್ಲೂಕೋಸ್ ಅಂದರೆ ಎಷ್ಟು ಶಕ್ತಿ ಅಂದುಕೊಂಡಿದ್ದೀರಿ? ಐದು ಪರ್ಸೆಂಟಿನ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಷ್ಟೇ. ಈ ಹಂತದಲ್ಲಿ ಜಾಸ್ತಿ ನೀರು ಹೋದರೆ ಕೈಕಾಲು ಊದಬಹುದು, ಎದೆಯಲ್ಲಿ ಕಫ ಗೊರಗೊರ ಅನ್ನಬಹುದು. ಹಾಕಿಸಬೇಕೋ ಬೇಡವೋ ಅನ್ನುವುದನ್ನು ನೋಡುತ್ತಿರುವ ಡಾಕ್ಟರಿಗೇ ಬಿಡಿ.

ನಿಮ್ಮ ಕೈಗೆ ಈಗ ಬೇರೆ ಕೆಲಸವಿದೆ. ಅವರಿಗೆ ಕಾಡುವುದು ಹಸಿವಿಗಿಂತ ಬಾಯಿ ಒಣಗುವುದು. ಮೆತ್ತನೆ ಹತ್ತಿ ಬಟ್ಟೆಯನ್ನು ಬೆರಳಿಗೆ ಸುತ್ತಿ, ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ. ಮೊದಲು ತುಟಿ, ಆಮೇಲೆ ಕೆನ್ನೆಯ ಒಳಭಾಗ, ನಾಲಿಗೆ ಒರೆಸಿ. ಕೊನೆಗೆ ತುಟಿಗೆ ಒಂಚೂರು ತುಪ್ಪ ಸವರಿ. ಗಂಟೆಗೊಮ್ಮೆ ಮಾಡಿದರೂ ಜಾಸ್ತಿಯಾಗದು. ಅವರೇ ಕೇಳಿದರೆ ತಲೆ ಎತ್ತರಿಸಿ, ನುಂಗುತ್ತಾರಾ ನೋಡಿಕೊಂಡು ಒಂದೊಂದೇ ಗುಟುಕು ಕೊಡಿ. ಮಂಪರಿನಲ್ಲಿದ್ದಾಗ ಮಾತ್ರ ಚಮಚದಲ್ಲಿ ಹುಯ್ಯಬೇಡಿ, ತುಳಸಿ ನೀರನ್ನೂ. ಅದು ಶ್ವಾಸಕೋಶಕ್ಕೆ ಇಳಿಯಬಹುದು. ತುಳಸಿ ಎಲೆಯನ್ನು ನೀರಲ್ಲಿ ಅದ್ದಿ ತುಟಿಗೆ ಮುಟ್ಟಿಸಿದರೆ ಸಾಕು.

ಮಾತ್ರೆ ನುಂಗುವುದು ಕಷ್ಟವಾದರೆ ನೋವಿನ ಔಷಧಿಯನ್ನು ಸುಮ್ನೆ ನಿಲ್ಲಿಸಬೇಡಿ. ಬೇರೆ ರೂಪದಲ್ಲಿ ಕೊಡಲು ಆಗುತ್ತದೆ. ಇದನ್ನು ಈಗಲೇ ಕೇಳಿಟ್ಟುಕೊಳ್ಳಿ. ನಮ್ಮ ಕಡೆ ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೆ ರಾತ್ರಿ ಯಾರೂ ಬರಲಾಗದು. ಮಲಗಿದಲ್ಲೇ ಬೆನ್ನಿಗೆ ಹುಣ್ಣಾಗದಂತೆ ಗಾಳಿ ತುಂಬುವ ಏರ್ ಬೆಡ್ ಹಾಕಿದ್ದರೆ, ಕರೆಂಟ್ ಹೋದಾಗ ಅದರ ಪಂಪೂ ನಿಲ್ಲುತ್ತದೆ. ಆಗ ಎರಡು ಗಂಟೆಗೊಮ್ಮೆ ನಿಧಾನಕ್ಕೆ ಮಗ್ಗುಲು ಬದಲಿಸಬೇಕು. ಒಬ್ಬರಿಂದ ಆಗುವ ಕೆಲಸ ಅಲ್ಲ ಅದು.

ನೆಂಟರ ಮಾತು ನಿಮ್ಮನ್ನು ಎಷ್ಟು ನೋಯಿಸಿದೆ ಅಂತ ಅರ್ಥವಾಗುತ್ತದೆ. ಹಗಲೂ ರಾತ್ರಿ ಮೈ ಒರೆಸಿ, ಬಟ್ಟೆ ಬದಲಿಸುತ್ತಿರುವವರು ನೀವು. ಮುಂದಿನ ಸಲ ಫೋನ್ ಬಂದಾಗ, ‘ಬನ್ನಿ, ಎರಡು ರಾತ್ರಿ ಅತ್ತೆ ಹತ್ತಿರ ಕೂತುಕೊಳ್ಳಿ, ನಾನು ಸ್ವಲ್ಪ ಮಲಗುತ್ತೇನೆ’ ಅಂತ ಸಂಕೋಚವಿಲ್ಲದೆ ಕೇಳಿ.