ನಗರದ ಜಿಡಿಪಿಯನ್ನು ಎಷ್ಟು ಜನರಿಂದ ಭಾಗಿಸಬೇಕು?

ಒಂದೇ ದೇಶದ ನಗರ, ಜಿಲ್ಲೆ, ರಾಜ್ಯಗಳ ತಲಾ ಉತ್ಪನ್ನದ ಪಟ್ಟಿ ಹೊರಬಿದ್ದಾಗಲೆಲ್ಲ ಮೊದಲ ಸ್ಥಾನ ಯಾರಿಗೆ, ಕೊನೆಯ ಸ್ಥಾನ ಯಾರಿಗೆ ಎಂಬುದಷ್ಟೇ ಸುದ್ದಿಯಾಗುತ್ತದೆ. ಆ ಅಂಕಿಯ ಅಂಶ ಮತ್ತು ಛೇದಗಳನ್ನು ಬಿಡಿಸಿ ನೋಡುವವರು ಕಡಿಮೆ. ಅಂಶದಲ್ಲಿರುವುದು ಗಡಿಯೊಳಗೆ ನಡೆದ ಕೆಲಸದ ಮೌಲ್ಯ. ಛೇದದಲ್ಲಿರುವುದು ಗಡಿಯೊಳಗೆ ವಾಸಿಸುವ ಜನ. ಇಡೀ ದೇಶಕ್ಕೆ ಇವೆರಡೂ ಹೆಚ್ಚುಕಡಿಮೆ ಒಂದೇ ಗುಂಪು. ಲಕ್ಸೆಂಬರ್ಗ್‌ನಂಥ ಪುಟ್ಟ ದೇಶಗಳು ಮಾತ್ರ ಅಪವಾದ. ದೇಶದೊಳಗಿನ ನಗರಕ್ಕೆ ಬಂದರೆ ಇವು ಎರಡು ಬೇರೆ ಬೇರೆ ಗುಂಪುಗಳು. ಪಟ್ಟಿಗಳಲ್ಲಿ ಕಾಣುವ ವಿಚಿತ್ರಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ.

ಲೆಕ್ಕ ಹಾಕಿಯೇ ನೋಡೋಣ. ಒಂದು ನಗರದಲ್ಲಿ 10 ಲಕ್ಷ ನಿವಾಸಿಗಳು, 6 ಲಕ್ಷ ಉದ್ಯೋಗಗಳು. ಆ ಉದ್ಯೋಗಗಳಲ್ಲಿ 2 ಲಕ್ಷವನ್ನು ತುಂಬುವವರು ಪಕ್ಕದ ಜಿಲ್ಲೆಯಿಂದ ಬೆಳಿಗ್ಗೆ ಬಂದು ಸಂಜೆ ಹೋಗುವವರು. ಪಕ್ಕದ ಜಿಲ್ಲೆಯಲ್ಲೂ 10 ಲಕ್ಷ ನಿವಾಸಿಗಳು. ಅಲ್ಲೇ ಇರುವ ಉದ್ಯೋಗ 2 ಲಕ್ಷ. ಎರಡೂ ಕಡೆ ಪ್ರತಿ ಕೆಲಸಗಾರ ವರ್ಷಕ್ಕೆ 10 ಘಟಕ ಮೌಲ್ಯ ಸೃಷ್ಟಿಸುತ್ತಾನೆ ಎಂದುಕೊಳ್ಳಿ. ನಗರದ ಉತ್ಪನ್ನ 60 ಲಕ್ಷ ಘಟಕ, ತಲಾ 6. ಜಿಲ್ಲೆಯದು 20 ಲಕ್ಷ, ತಲಾ 2. ಪತ್ರಿಕೆಯ ತಲೆಬರಹಕ್ಕೆ ಮೂರು ಪಟ್ಟು ಅಂತರ ಸಿಕ್ಕಿತು. ಆದರೆ ಎರಡೂ ಕಡೆ ದುಡಿಯುವ ನಿವಾಸಿಗಳು ತಲಾ 4 ಲಕ್ಷ. ದುಡಿದವರು ಎಲ್ಲಿ ವಾಸಿಸುತ್ತಾರೋ ಅಲ್ಲಿಗೆ ಮೌಲ್ಯವನ್ನು ಸೇರಿಸಿದರೆ ಎರಡರ ತಲಾ ಅಂಕಿಯೂ 4. ಪ್ರತಿ ಕೆಲಸಗಾರನ ಉತ್ಪನ್ನವೂ ಎರಡೂ ಕಡೆ 10. ಉತ್ಪಾದಕತೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಮೂರು ಪಟ್ಟು ಅಂತರವನ್ನು ಹುಟ್ಟಿಸಿದ್ದು ಗಡಿರೇಖೆ ಮಾತ್ರ.

ವಾಸ್ತವದ ಉದಾಹರಣೆಗಳು ಇದಕ್ಕಿಂತ ಕಡಿಮೆಯವಲ್ಲ. ಐರೋಪ್ಯ ಒಕ್ಕೂಟದ ಸಾಂಖ್ಯಿಕ ಕಚೇರಿಯಾದ ಯುರೋಸ್ಟಾಟ್‌ನ 2016ರ ಅಂಕಿಗಳಲ್ಲಿ ‘ಇನ್ನರ್ ಲಂಡನ್ – ವೆಸ್ಟ್’ ಪ್ರದೇಶದ ತಲಾ ಜಿಡಿಪಿ ಐರೋಪ್ಯ ಒಕ್ಕೂಟದ ಸರಾಸರಿಯ ಶೇ 611. ಸಿಟಿ ಆಫ್ ಲಂಡನ್, ವೆಸ್ಟ್‌ಮಿನ್‌ಸ್ಟರ್‌ ಎರಡೂ ಆ ಪ್ರದೇಶದೊಳಗೇ ಬರುತ್ತವೆ. ಅಲ್ಲಿನ ಕಚೇರಿಗಳಿಗೆ ಬರುವವರಲ್ಲಿ ಬಹುಪಾಲು ಬೇರೆ ಕಡೆ ವಾಸಿಸುವವರು. ಅಮೆರಿಕದ ರಾಜ್ಯಗಳ ಪಟ್ಟಿಯಲ್ಲಿ ವಾಷಿಂಗ್ಟನ್ ಡಿಸಿ ಎಲ್ಲರಿಗಿಂತ ಬಹಳ ಮೇಲೆ ನಿಲ್ಲುವುದಕ್ಕೂ ಮೇರಿಲ್ಯಾಂಡ್ ಮತ್ತು ವರ್ಜೀನಿಯಾದಿಂದ ದಿನವೂ ಬರುವ ನೌಕರರು ದೊಡ್ಡ ಕಾರಣ.

ಇದಕ್ಕೆ ಮದ್ದು ಗಡಿಯನ್ನು ಸರಿಯಾಗಿ ಎಳೆಯುವುದು. ಒಇಸಿಡಿ (ಬಹುಪಾಲು ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆ) ಮತ್ತು ಐರೋಪ್ಯ ಒಕ್ಕೂಟ ಬಳಸುವ ‘ಕ್ರಿಯಾತ್ಮಕ ನಗರ ಪ್ರದೇಶ’ದ ವಿಧಾನ ಹೀಗಿದೆ: ಚದರ ಕಿಲೋಮೀಟರಿಗೆ ಕನಿಷ್ಠ 1,500 ಜನ ಇರುವ, ಒಟ್ಟು ಕನಿಷ್ಠ 50,000 ಜನರ ದಟ್ಟ ಸಮೂಹವನ್ನು ಮೊದಲು ಗುರುತಿಸುತ್ತಾರೆ. ಅದು ತಿರುಳು. ಸುತ್ತಲಿನ ಯಾವ ಸ್ಥಳೀಯ ಆಡಳಿತ ಪ್ರದೇಶದ ದುಡಿಯುವ ನಿವಾಸಿಗಳಲ್ಲಿ ಕನಿಷ್ಠ ಶೇ 15ರಷ್ಟು ಜನ ಆ ತಿರುಳಿಗೆ ಕೆಲಸಕ್ಕೆ ಹೋಗುತ್ತಾರೋ ಅದನ್ನು ನಗರಕ್ಕೆ ಸೇರಿಸುತ್ತಾರೆ. ಅಮೆರಿಕದ ಮಹಾನಗರ ಪ್ರದೇಶಗಳಲ್ಲಿ ಕೌಂಟಿಗಳನ್ನು ಸೇರಿಸಲು ಈ ಮಿತಿ ಶೇ 25. ಮಿತಿ ಬದಲಾದರೆ ನಗರವೂ ಬದಲಾಗುತ್ತದೆ, ಹಾಗಾಗಿ ಎರಡು ಬೇರೆ ವ್ಯಾಖ್ಯೆಯ ನಗರಗಳನ್ನು ಒಂದೇ ಪಟ್ಟಿಯಲ್ಲಿ ಕೂರಿಸಬಾರದು. ಕೆಲಸದ ಪ್ರಯಾಣದ ದತ್ತಾಂಶವೇ ಇಲ್ಲದ ಕಡೆ ಕನಿಷ್ಠ ಪಕ್ಕದ ಜಿಲ್ಲೆಗಳನ್ನು ಒಟ್ಟುಗೂಡಿಸಿ ಮತ್ತೊಮ್ಮೆ ಭಾಗಿಸಿ ನೋಡಬೇಕು. ಮೇಲಿನ ಲೆಕ್ಕದಲ್ಲಿ 80 ಲಕ್ಷವನ್ನು 20 ಲಕ್ಷದಿಂದ ಭಾಗಿಸಿದರೂ ಬರುವುದು ಅದೇ 4.

ಗಡಿ ಅತಿ ದೊಡ್ಡದಾದರೂ ತೊಂದರೆಯೇ. ಚೀನಾದ ಚಾಂಗ್‌ಚಿಂಗ್ ಆಡಳಿತದ ದೃಷ್ಟಿಯಿಂದ ಒಂದು ‘ನಗರ’. ಅದರ ವಿಸ್ತೀರ್ಣ ಸುಮಾರು 82,000 ಚದರ ಕಿಲೋಮೀಟರ್, ಅಂದರೆ ಆಸ್ಟ್ರಿಯಾ ದೇಶದಷ್ಟು. ಬೆಟ್ಟ, ಹೊಲ, ಹಳ್ಳಿಗಳೆಲ್ಲ ಅದರೊಳಗಿವೆ. ಅದರ ತಲಾ ಅಂಕಿಯನ್ನು ಗಡಿಯೊಳಗೆ ಕಟ್ಟಡಗಳೇ ತುಂಬಿದ ಇನ್ನೊಂದು ನಗರದ ಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ.

ಛೇದದಲ್ಲಿ ಇನ್ನೊಂದು ಹಳೆಯ ಮೋಸವಿದೆ. ಚೀನಾದಲ್ಲಿ ಬಹುಕಾಲ ಕೆಲವು ಕಡೆ ತಲಾ ಲೆಕ್ಕಕ್ಕೆ ಅಲ್ಲೇ ನೋಂದಾಯಿತರಾದ ಜನರನ್ನಷ್ಟೇ ಹಿಡಿಯುತ್ತಿದ್ದರು. ವಲಸೆ ಕಾರ್ಮಿಕರ ದುಡಿಮೆ ಅಂಶದಲ್ಲಿ ಸೇರುತ್ತಿತ್ತು, ಅವರ ತಲೆಗಳು ಮಾತ್ರ ತಮ್ಮ ಊರಿನ ಛೇದದಲ್ಲೇ ಉಳಿಯುತ್ತಿದ್ದವು. ಕರಾವಳಿಯ ಕೈಗಾರಿಕಾ ನಗರಗಳು ಇರುವುದಕ್ಕಿಂತ ಶ್ರೀಮಂತವಾಗಿಯೂ ಒಳನಾಡು ಇರುವುದಕ್ಕಿಂತ ಬಡವಾಗಿಯೂ ಕಂಡದ್ದು ಹೀಗೆ. ಭಾರತದಲ್ಲಿ 2011ರ ಜನಗಣತಿಯ ನಂತರದ ವರ್ಷಗಳಿಗೆ ಅಂದಾಜಿಸಿದ ಜನಸಂಖ್ಯೆಯನ್ನೇ ಬಳಸಬೇಕಾಗಿ ಬಂದಿದೆ. ವೇಗವಾಗಿ ವಲಸಿಗರನ್ನು ಸೆಳೆಯುವ ಜಿಲ್ಲೆಗೆ ಆ ಅಂದಾಜು ಕಡಿಮೆ ಬಿದ್ದರೆ ತಲಾ ಉತ್ಪನ್ನ ಅಷ್ಟೇ ಉಬ್ಬುತ್ತದೆ.

ಇನ್ನು ಅಂಶದ ಕಡೆ. ದೇಶದ ಜಿಡಿಪಿಯನ್ನು ಉತ್ಪಾದನೆ, ಆದಾಯ, ವೆಚ್ಚ ಎಂಬ ಮೂರು ದಾರಿಗಳಿಂದ ಅಳೆಯಬಹುದು. ಪ್ರದೇಶಗಳಿಗೆ ವೆಚ್ಚದ ದಾರಿ ಬಹುತೇಕ ಮುಚ್ಚಿದೆ, ಏಕೆಂದರೆ ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಹೋಗುವ ಸರಕನ್ನು ಯಾವ ಕಸ್ಟಮ್ಸ್ ಕಚೇರಿಯೂ ಬರೆದುಕೊಳ್ಳುವುದಿಲ್ಲ. ಉಳಿದದ್ದು ಒಟ್ಟು ಮೌಲ್ಯವರ್ಧನೆ: ತಯಾರಿಸಿದ್ದರ ಮೌಲ್ಯದಿಂದ, ಅದಕ್ಕಾಗಿ ಕೊಂಡು ಬಳಸಿದ ಸರಕು–ಸೇವೆಗಳ ಮೌಲ್ಯವನ್ನು ಕಳೆದದ್ದು. ಕಬ್ಬು, ಭತ್ತ, ಅದಿರುಗಳಿಗೆ ಇದನ್ನು ಸ್ಥಳದಲ್ಲೇ ಲೆಕ್ಕ ಹಾಕಬಹುದು. ಆದರೆ ಹತ್ತು ಜಿಲ್ಲೆಗಳಲ್ಲಿ ಶಾಖೆಗಳಿರುವ ಕಂಪನಿಗೆ ಲಾಭನಷ್ಟದ ಪುಸ್ತಕ ಒಂದೇ. ಅದನ್ನು ಹಂಚಲು ಒಂದು ಕೀಲಿ ಬೇಕು. ಸಾಮಾನ್ಯವಾಗಿ ಸಂಬಳದ ಮೊತ್ತ ಅಥವಾ ಕೆಲಸಗಾರರ ಸಂಖ್ಯೆ.

ಇಡೀ ಹೋಲಿಕೆಯ ಭವಿಷ್ಯ ಈ ಕೀಲಿಯ ಮೇಲೆ ನಿಂತಿದೆ. ಒಂದು ಜಲವಿದ್ಯುತ್ ಕಂಪನಿಯನ್ನೇ ತೆಗೆದುಕೊಳ್ಳಿ. ಅಣೆಕಟ್ಟು, ಟರ್ಬೈನ್ ಇರುವುದು ಒಂದು ಕಾಡು ಜಿಲ್ಲೆಯಲ್ಲಿ, ಅಲ್ಲಿ ಬೆರಳೆಣಿಕೆಯ ನೌಕರರು. ಸಂಬಳ ಪಡೆಯುವ ನೂರಾರು ಜನ ಕೂತಿರುವುದು ರಾಜಧಾನಿಯ ಪ್ರಧಾನ ಕಚೇರಿಯಲ್ಲಿ. ಸಂಬಳದ ಕೀಲಿ ಬಳಸಿದರೆ ವಿದ್ಯುತ್ತಿನ ಮೌಲ್ಯ ರಾಜಧಾನಿಗೆ ಹೋಗುತ್ತದೆ. ಉತ್ಪಾದಿಸಿದ ಯೂನಿಟ್‌ಗಳ ಕೀಲಿ ಬಳಸಿದರೆ ಕಾಡು ಜಿಲ್ಲೆ ದೇಶದ ಅತಿ ಶ್ರೀಮಂತ ಜಿಲ್ಲೆಗಳ ಸಾಲಿಗೆ ಸೇರುತ್ತದೆ. ನನ್ನ ಮಟ್ಟಿಗೆ ಎರಡನೆಯದೇ ಸರಿ, ಆದರೆ ಆ ಜಿಲ್ಲೆಯ ಜನರ ಜೇಬಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ನೆದರ್ಲೆಂಡ್ಸ್‌ನ ಗ್ರೋನಿಂಗನ್ ಪ್ರಾಂತ್ಯ ಇದಕ್ಕೆ ಪಾಠಪುಸ್ತಕದ ಉದಾಹರಣೆ. 1959ರಲ್ಲಿ ಅಲ್ಲಿ ಭಾರಿ ಅನಿಲ ನಿಕ್ಷೇಪ ಪತ್ತೆಯಾಯಿತು. ಅನಿಲದ ಮೌಲ್ಯವರ್ಧನೆ ಪ್ರಾಂತ್ಯದ ಲೆಕ್ಕದಲ್ಲಿ ಕೂತು ತಲಾ ಜಿಡಿಪಿ ಎತ್ತರಕ್ಕೇರಿತು. ಆದಾಯ ಮಾತ್ರ ಬಹುಪಾಲು ರಾಷ್ಟ್ರದ ಬೊಕ್ಕಸಕ್ಕೆ ಮತ್ತು ಕಂಪನಿಗಳಿಗೆ ಹೋಯಿತು. ಮನೆಮಂದಿಯ ಆದಾಯದಲ್ಲಿ ಪ್ರಾಂತ್ಯ ದೇಶದ ಸರಾಸರಿಗಿಂತ ಕೆಳಗೇ ಉಳಿಯಿತು. ಗಣಿಗಾರಿಕೆಯಿಂದ ಭೂಕಂಪಗಳು ಹೆಚ್ಚಿ ಉತ್ಪಾದನೆಯನ್ನು ತಗ್ಗಿಸುತ್ತ ಬಂದು 2024ರಲ್ಲಿ ನಿಕ್ಷೇಪವನ್ನು ಶಾಶ್ವತವಾಗಿ ಮುಚ್ಚಿದರು. ಇಂಥ ಪ್ರದೇಶಗಳನ್ನು ಹೋಲಿಸುವಾಗ ಗಣಿ ಮತ್ತು ಅನಿಲವನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಹಾಕಿ ಎರಡನ್ನೂ ಅಕ್ಕಪಕ್ಕ ಕೊಡುವುದು ಒಳ್ಳೆಯದು. ಸಮುದ್ರದೊಳಗಿನ ತೈಲಕ್ಕೆ ಬ್ರಿಟನ್ ಬೇರೆಯೇ ದಾರಿ ಹಿಡಿದಿದೆ: ಅದನ್ನು ಯಾವ ಪ್ರದೇಶಕ್ಕೂ ಕೊಡದೆ ‘ಪ್ರದೇಶಾತೀತ’ ಎಂಬ ಪ್ರತ್ಯೇಕ ಸಾಲಿನಲ್ಲಿ ಇಡುತ್ತದೆ. ಪ್ರದೇಶಗಳ ಮೊತ್ತ ರಾಷ್ಟ್ರದ ಮೊತ್ತಕ್ಕೆ ಹೊಂದದಿದ್ದರೆ ಮೊದಲು ಹುಡುಕಬೇಕಾದದ್ದು ಇಂಥ ಸಾಲನ್ನೇ.

ಭಾರತದಲ್ಲಿ ರೈಲ್ವೆ, ಸಂಪರ್ಕ, ಬ್ಯಾಂಕಿಂಗ್ ಮತ್ತು ವಿಮೆ, ಕೇಂದ್ರ ಸರ್ಕಾರದ ಆಡಳಿತ ಇವನ್ನು ರಾಜ್ಯಾತೀತ ವಲಯಗಳೆಂದು ಪರಿಗಣಿಸಿ ಕೇಂದ್ರದ ಸಾಂಖ್ಯಿಕ ಕಚೇರಿಯೇ ಲೆಕ್ಕ ಹಾಕಿ ರಾಜ್ಯಗಳಿಗೆ ಹಂಚುತ್ತದೆ. ಜಿಲ್ಲಾ ಮಟ್ಟಕ್ಕೆ ಇಳಿದಾಗ ಹಂಚಿಕೆಯ ಪಾಲು ಇನ್ನೂ ಹೆಚ್ಚು. ರಾಜ್ಯದ ಸೇವಾ ವಲಯದ ಮೊತ್ತವನ್ನು ಜಿಲ್ಲೆಯ ಕೆಲಸಗಾರರ ಅನುಪಾತದಲ್ಲಿ ಹಂಚಿದರೆ, ಎಲ್ಲ ಜಿಲ್ಲೆಯ ಕೆಲಸಗಾರರೂ ಸಮಾನ ಉತ್ಪಾದಕರೆಂದು ಮೊದಲೇ ಒಪ್ಪಿಕೊಂಡಂತಾಯಿತು. ಆಮೇಲೆ ಅದೇ ಅಂಕಿಯನ್ನು ಹಿಡಿದು ಜಿಲ್ಲೆಗಳ ಸೇವಾ ವಲಯದ ಉತ್ಪಾದಕತೆಯನ್ನು ಹೋಲಿಸುವ ವರದಿಗಳು ಬರುತ್ತಿರುತ್ತವೆ! ಹೋಲಿಸುತ್ತಿರುವುದು ತಾವೇ ಹಾಕಿದ ಊಹೆಯನ್ನು.

ಮನೆಬಾಡಿಗೆಯದು ಸಣ್ಣ ವಿಷಯದಂತೆ ಕಂಡರೂ ಹಾಗಲ್ಲ. ಸ್ವಂತ ಮನೆಯಲ್ಲಿ ಇರುವವರೂ ತಮಗೆ ತಾವೇ ಬಾಡಿಗೆ ಕೊಟ್ಟುಕೊಳ್ಳುತ್ತಾರೆ ಎಂದು ಎಣಿಸಿ ಆ ಮೊತ್ತವನ್ನು ಜಿಡಿಪಿಗೆ ಸೇರಿಸಲಾಗುತ್ತದೆ. ಬಾಡಿಗೆ ದುಬಾರಿಯಾದ ಬಡಾವಣೆ ಪ್ರದೇಶಗಳಲ್ಲಿ ಇದು ಮೌಲ್ಯವರ್ಧನೆಯ ದೊಡ್ಡ ಭಾಗ, ಆದರೆ ಇದನ್ನು ಉತ್ಪಾದಿಸುವ ಕೆಲಸಗಾರ ಒಬ್ಬನೂ ಇಲ್ಲ. ಹಾಗಾಗಿ ಪ್ರತಿ ಕೆಲಸಗಾರನ ಉತ್ಪಾದಕತೆ ನೋಡುವಾಗ ಈ ಬಾಡಿಗೆಯನ್ನು ಅಂಶದಿಂದ ತೆಗೆದುಬಿಡಬೇಕು.

ಬೆಲೆಗಳ ಹೊಂದಾಣಿಕೆಯಲ್ಲಿ ಆಗುವ ತಪ್ಪು ಹೆಚ್ಚಾಗಿ ಒಂದೇ ಬಗೆಯದು. ಭಾರತದ ರಾಜ್ಯವಾರು ಗ್ರಾಹಕ ಬೆಲೆ ಸೂಚ್ಯಂಕವನ್ನು ತೆಗೆದುಕೊಂಡು, ಒಂದು ರಾಜ್ಯದ್ದು ಇನ್ನೊಂದಕ್ಕಿಂತ ಹೆಚ್ಚಿದೆ, ಹಾಗಾಗಿ ಅಲ್ಲಿ ಬದುಕು ದುಬಾರಿ ಎಂದುಬಿಡುತ್ತಾರೆ. ಮೂಲ ವರ್ಷದಲ್ಲಿ ಪ್ರತಿ ರಾಜ್ಯವೂ 100ರಿಂದಲೇ ಶುರುವಾಗುತ್ತದೆ. ಆ ಸೂಚ್ಯಂಕ ಹೇಳುವುದು ಅಲ್ಲಿಂದ ಬೆಲೆ ಎಷ್ಟು ಏರಿತು ಎಂಬುದನ್ನಷ್ಟೇ. ಯಾವ ರಾಜ್ಯ ಮೊದಲೇ ದುಬಾರಿಯಾಗಿತ್ತು ಎಂಬುದನ್ನಲ್ಲ. ಸ್ಥಳದಿಂದ ಸ್ಥಳಕ್ಕೆ ಬೆಲೆ ಹೋಲಿಸಲು ದೇಶದ ಸರಾಸರಿ ಬೆಲೆಯನ್ನು 100 ಎಂದಿಟ್ಟು ಪ್ರತಿ ಪ್ರದೇಶದ ಬೆಲೆ ಮಟ್ಟವನ್ನು ಹೇಳುವ, ಅಮೆರಿಕದ ಪ್ರಾದೇಶಿಕ ಬೆಲೆ ಸಮತೆಯಂಥ ಬೇರೆ ಅಳತೆ ಬೇಕು. ಬೆಲೆ ಮಟ್ಟ 112 ಇರುವ ಪ್ರದೇಶದಲ್ಲಿ ತಲಾ ಆದಾಯ 150, ಬೆಲೆ ಮಟ್ಟ 87 ಇರುವಲ್ಲಿ 100 ಎಂದಾದರೆ, ಹೊಂದಾಣಿಕೆಯ ನಂತರ ಅವು ಸುಮಾರು 134 ಮತ್ತು 115 ಆಗುತ್ತವೆ. ಶೇ 50ರ ಅಂತರ ಸುಮಾರು ಶೇ 17ಕ್ಕೆ ಇಳಿಯಿತು. ಆದರೆ ಈ ಸಮತೆ ಗ್ರಾಹಕರ ಖರ್ಚಿಗೆ ಸೇರಿದ್ದು. ಮನೆಮಂದಿಯ ಆದಾಯಕ್ಕೆ ಒಪ್ಪುತ್ತದೆ. ಕಾರ್ಖಾನೆಯ ಉತ್ಪನ್ನವನ್ನು ಇದರಿಂದ ಭಾಗಿಸುವುದಕ್ಕೆ ಅರ್ಥವಿಲ್ಲ. ಯುರೋಸ್ಟಾಟ್ ಪಟ್ಟಿಗಳಲ್ಲಿ ಒಂದು ದೇಶದ ಎಲ್ಲ ಪ್ರದೇಶಗಳಿಗೂ ರಾಷ್ಟ್ರದ ಒಂದೇ ಕೊಳ್ಳುವ ಶಕ್ತಿಯ ದರವನ್ನು ಹಚ್ಚಲಾಗುತ್ತದೆ ಎಂಬುದನ್ನೂ ನೆನಪಿಡಿ. ದುಬಾರಿ ರಾಜಧಾನಿಗಳು ಅಲ್ಲಿ ಇನ್ನಷ್ಟು ಎತ್ತರ ಕಾಣುತ್ತವೆ.

ಬೆಳವಣಿಗೆ ದರ ನೋಡಲು ಎಲ್ಲ ವರ್ಷಗಳನ್ನೂ ಮೂಲ ವರ್ಷದ ಬೆಲೆಯಲ್ಲೇ ಅಳೆದ ಸ್ಥಿರ ಬೆಲೆಯ ಸರಣಿ ಬೇಕು, ಒಂದು ವರ್ಷದಲ್ಲಿ ಯಾರ ಪಾಲು ಎಷ್ಟು ಎಂದು ನೋಡಲು ಆ ವರ್ಷದ ಚಾಲ್ತಿ ಬೆಲೆ. ಭಾರತದ ಅಂಕಿಗಳಲ್ಲಿ 2004–05ನ್ನು ಮೂಲ ವರ್ಷವಾಗಿ ಇಟ್ಟುಕೊಂಡ ಸರಣಿಯ ತುದಿಗೆ 2011–12ರದನ್ನು ಹಾಗೇ ಅಂಟಿಸಬಾರದು. ಎರಡರಲ್ಲಿ ಬದಲಾಗಿರುವುದು ಬೆಲೆ ಮಾತ್ರವಲ್ಲ, ವಿಧಾನವೂ ಹೌದು.

ಅಂಕಿಗಳನ್ನು ಯಾರು ಲೆಕ್ಕ ಹಾಕುತ್ತಾರೆ ಎಂಬುದೂ ಮುಖ್ಯ. ಅಧಿಕಾರಿಗಳ ಬಡ್ತಿ ಬೆಳವಣಿಗೆ ದರಕ್ಕೆ ತಳಕು ಹಾಕಿಕೊಂಡಿದ್ದ ಚೀನಾದಲ್ಲಿ ಪ್ರಾಂತ್ಯಗಳ ಜಿಡಿಪಿ ಮೊತ್ತ ವರ್ಷಗಳ ಕಾಲ ರಾಷ್ಟ್ರದ ಜಿಡಿಪಿಯನ್ನೇ ಮೀರುತ್ತಿತ್ತು. ಟಿಯಾಂಜಿನ್‌ನ ಬಿನ್‌ಹಾಯ್ ಹೊಸ ಪ್ರದೇಶ 2016ರ ತನ್ನ ಜಿಡಿಪಿಯನ್ನು ಒಂದು ಲಕ್ಷ ಕೋಟಿ ಯುವಾನ್‌ನಿಂದ ಸುಮಾರು 66,500 ಕೋಟಿಗೆ ಇಳಿಸಿದ್ದು 2018ರ ಜನವರಿಯಲ್ಲಿ ಬೆಳಕಿಗೆ ಬಂತು. 2019ರ ಲೆಕ್ಕದಿಂದ ಪ್ರಾಂತ್ಯಗಳ ಜಿಡಿಪಿಯನ್ನು ರಾಷ್ಟ್ರೀಯ ಸಾಂಖ್ಯಿಕ ಬ್ಯೂರೋ ತನ್ನ ಕೈಗೆ ತೆಗೆದುಕೊಂಡಿತು.

ಅನುಮಾನ ಬಂದಾಗ ಅಡ್ಡಪರೀಕ್ಷೆಗೆ ಉಪಗ್ರಹ ಹಿಡಿದ ರಾತ್ರಿಯ ಬೆಳಕನ್ನು ಬಳಸುವುದು ಈಗ ರೂಢಿ. ಅಮೆರಿಕದ ಸೇನೆಯ ಹವಾಮಾನ ಉಪಗ್ರಹಗಳ ಹಳೆಯ ಡಿಎಮ್‌ಎಸ್‌ಪಿ ಸರಣಿಯ ಅಳತೆ 0ಯಿಂದ 63ಕ್ಕೆ ನಿಲ್ಲುತ್ತದೆ, ಹಾಗಾಗಿ ದೊಡ್ಡ ನಗರಗಳ ಕೇಂದ್ರಗಳೆಲ್ಲ 63ರಲ್ಲೇ ಸಮವಾಗಿ ಕಾಣುತ್ತವೆ. ನಗರಗಳ ಹೋಲಿಕೆಗೆ ಅದು ಬೇಡ. ವಿಐಐಆರ್‌ಎಸ್ ಎಂಬ ಹೊಸ ಉಪಗ್ರಹ ಉಪಕರಣದಿಂದ 2012ರಿಂದ ಸಿಗುವ ದತ್ತಾಂಶಕ್ಕೆ ಆ ತೊಂದರೆಯಿಲ್ಲ. ಅದರಲ್ಲೂ ಮೊದಲು ತೈಲಬಾವಿಗಳ ಅನಿಲ ಜ್ವಾಲೆಗಳನ್ನು ಅಳಿಸಬೇಕು. ಬೀದಿದೀಪಗಳನ್ನು ಎಲ್‌ಇಡಿಗೆ ಬದಲಿಸಿದ ವರ್ಷವನ್ನು ಗುರುತು ಹಾಕಿಕೊಳ್ಳಬೇಕು. ಆ ಉಪಕರಣ ನೀಲಿ ಬೆಳಕನ್ನು ಸರಿಯಾಗಿ ಕಾಣುವುದಿಲ್ಲವಾದ್ದರಿಂದ ಬೀದಿ ಬೆಳಗಿದ್ದರೂ ಅಂಕಿ ಇಳಿಯಬಹುದು. ರಾತ್ರಿ ದೀಪಗಳಿಲ್ಲದೆಯೇ ನಡೆಯುವ ಕೃಷಿಯನ್ನು ಹೊರಗಿಟ್ಟು, ಕೃಷಿಯೇತರ ಮೌಲ್ಯವರ್ಧನೆಯೊಂದಿಗೆ ಮಾತ್ರ ಬೆಳಕನ್ನು ಹೋಲಿಸಬೇಕು.